ತೂಕಕ್ಕೆ ಕೊಡದ ಹಿತ್ತಾಳೆ

ಗುಜರಿಯ ಕಮರುದ್ದೀನ ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ತನ್ನ ತಕ್ಕಡಿ ಇಳಿಸಿದಾಗ ಹುಸ್ನಾಳಿಗೆ ಸಮಾಧಾನವೇ ಆಗಿತ್ತು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ ಖಾಲಿ ಮಾಡಿಸಿಕೊಡಿ ಎಂದು ಗಂಡನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡವಳು ಅವಳೇ. ಅಡುಗೆಮನೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಒಂದು ಕಣ್ಣು ಬಟ್ಟೆಯ ಮೇಲೆ, ಇನ್ನೊಂದು ಕಣ್ಣು ಒಲೆಯ ಮೇಲೆ ಇಟ್ಟು ಎಷ್ಟು ದಿನ ಹೊಲಿಯುವುದು? ರಂಜಾನ್ ಹತ್ತಿರ ಬರುತ್ತಿತ್ತು. ಹಬ್ಬದ ಬಟ್ಟೆ ಹಿಡಿದು ಜನ ಬರುವ ಹೊತ್ತಿಗೆ ಆ ಕೋಣೆಯಲ್ಲಿ ಎರಡು ಯಂತ್ರ, ಒಂದು ಕತ್ತರಿಸುವ ಮೇಜು ಇರಲೇಬೇಕು ಎಂದು ಅವಳು ನಿಶ್ಚಯಿಸಿಬಿಟ್ಟಿದ್ದಳು.

ಕೋಣೆಯ ತುಂಬ ಇದ್ದದ್ದು ಅವಳ ಮಾವ ಅಬ್ದುಲಮಜೀದರ ಬ್ಯಾಂಡಿನ ಸಾಮಾನು. ಒಂದು ಕಾಲದಲ್ಲಿ ಮಜೀದ ಮಾಸ್ತರರ ಬ್ಯಾಂಡಿಲ್ಲದೆ ಇತ್ತ ಉಣಕಲ್ಲಿನಲ್ಲಾಗಲಿ ಅತ್ತ ಅಮ್ಮಿನಬಾವಿಯಲ್ಲಾಗಲಿ ಮದುವೆಯ ವರ ಕುದುರೆ ಹತ್ತುತ್ತಿರಲಿಲ್ಲ. ಆಮೇಲೆ ಡಿಜೆ ಬಂತು. ಊದುವವರಲ್ಲಿ ಒಬ್ಬ ರಿಕ್ಷಾ ಹಿಡಿದ, ಒಬ್ಬ ಬೇಕರಿ ಸೇರಿದ, ಇಬ್ಬರು ತೀರಿಕೊಂಡರು. ತುತ್ತೂರಿಗಳೂ ಕ್ಲಾರಿನೆಟ್ಟೂ ದೊಡ್ಡ ಯುಫೋನಿಯಮ್ಮೂ ಢೋಲೂ ಧೂಳು ತಿನ್ನುತ್ತ ಉಳಿದವು. ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸುವ ಮಗ ಇಸ್ತಿಯಾಕ, ಅಪ್ಪನಿಗೆ ಹೇಳಿ ಕಮರುದ್ದೀನನನ್ನು ಕರೆಸಿದ್ದ. ಅಪ್ಪ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಕಮರುದ್ದೀನ ಮೊದಲು ಸಿಕ್ಕ ತುತ್ತೂರಿಯನ್ನು ಚೀಲಕ್ಕೆ ತುರುಕಿದ. ಅದರ ಅಗಲ ಬಾಯಿ ಚೀಲದೊಳಗೆ ಹೋಗಲಿಲ್ಲ. ಹೊರಗೆ ತೆಗೆದು ನೆಲಕ್ಕೆ ಇಟ್ಟು, ಚಪ್ಪಲಿ ಕಾಲಿನಿಂದ ಒಮ್ಮೆ ಒತ್ತಿ ತುಳಿದ. ಹಿತ್ತಾಳೆ ಕಿರ್ ಎಂದು ಮಡಚಿಕೊಂಡಿತು.

ಮಜೀದ ಮಾಸ್ತರರು ಎದ್ದು ಒಳಗೆ ಹೋದರು. ಅವರು ಹೋಗುವಾಗ ಗೋಡೆ ಹಿಡಿದುಕೊಂಡದ್ದನ್ನು ಹುಸ್ನಾ ಕಂಡಳು. ಆ ಮನುಷ್ಯ ಗೋಡೆ ಹಿಡಿದು ನಡೆದದ್ದನ್ನು ಅವಳು ಅದಕ್ಕೂ ಮೊದಲು ನೋಡಿರಲಿಲ್ಲ.

"ಭಾಯ್, ನಿಲ್ಲಸ್ರಿ," ಎಂದಳು.

"ಯಾಕ ಬೇಟಿ? ರೇಟ್ ಕಮ್ಮಿ ಆತೇನು?"

"ರೇಟಿನ ಮಾತಲ್ಲರಿ. ಇವನ್ನ ನಾ ತೂಕಕ್ಕ ಕೊಡಂಗಿಲ್ಲ."

ಕಮರುದ್ದೀನ ನಕ್ಕ. "ಹಿತ್ತಾಳಿ ಅಂದ್ರ ಹಿತ್ತಾಳಿನ ಬೇಟಿ. ಊದಿದ್ರೂ ಅಷ್ಟ, ಊದದಿದ್ರೂ ಅಷ್ಟ."

"ಊದಾವರಿಗೆ ಬ್ಯಾರೆ ಇರತೈತ್ರಿ," ಎಂದು ಹುಸ್ನಾ ಆ ಚಪ್ಪಟೆಯಾದ ತುತ್ತೂರಿಯನ್ನೂ ನೆಲದಿಂದೆತ್ತಿ ಈಚೆ ಇಟ್ಟುಕೊಂಡಳು.

ಸಂಜೆ ಇಸ್ತಿಯಾಕ ಬಂದು ಕೋಣೆ ಹಾಗೆಯೇ ಇದ್ದದ್ದನ್ನು ನೋಡಿ ತಲೆ ಮೇಲೆ ಕೈ ಇಟ್ಟ. "ಖಾಲಿ ಮಾಡ್ರಿ ಅಂದಾಕಿ ನೀನ, ಬ್ಯಾಡ ಅಂದಾಕೀನೂ ನೀನ?"

"ಖಾಲಿ ಆಗತೈತಿ. ರಂಜಾನ್ ಹತ್ತೂದ್ರೊಳಗ ಆಗತೈತಿ. ಮಾರೂದು ನನಗ ಬಿಡ್ರಿ."

ಹಾಗೆ ಅಂದುಬಿಟ್ಟಳೇ ಹೊರತು ಎಲ್ಲಿ ಮಾರಬೇಕು, ಯಾರಿಗೆ ಮಾರಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ದಾರಿ ತೋರಿಸಿದವರು ಸುಹಾಸಿನಿ. ಉಣಕಲ್ಲಿನ ಕಡೆಯ ಆಕೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಹುಸ್ನಾಳ ಕೈಯ ರವಿಕೆಯೇ ಬೇಕೆಂದು ಅಷ್ಟು ದೂರದಿಂದ ಬರುತ್ತಿದ್ದರು. ಅಳತೆ ಕೊಡುತ್ತ ಕೊಡುತ್ತ, ತಮ್ಮ ತಂದೆಯ ಹಳೆಯ ಕ್ಯಾಮೆರಾ ಒಂದನ್ನು ಮೊಬೈಲಿನಲ್ಲೇ ಹರಾಜಿಗೆ ಹಾಕಿ ಮಾರಿದ ಕಥೆ ಹೇಳಿದರು. ಹುಸ್ನಾ ಅಳತೆಯ ಪಟ್ಟಿ ಕೆಳಗಿಟ್ಟು, ಅಲ್ಲೇ ಕುಳಿತು, ಆ ಹರಾಜಿನ ಸೈಟಿನಲ್ಲಿ ತನ್ನ ಹೆಸರು ನೋಂದಾಯಿಸಿಕೊಂಡಳು.

ಮೊದಲ ಸಲ ಅವಳು ಮಾಡಿದ್ದೆಲ್ಲ ತಪ್ಪೇ. ಎಲ್ಲ ವಾದ್ಯಗಳನ್ನೂ ಹೂವಿನ ಚಾದರದ ಮೇಲೆ ಗುಡ್ಡೆ ಹಾಕಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೇ ಒಂದು ಫೋಟೊ ಹೊಡೆದು, 'ಪೂರ್ತಿ ಬ್ಯಾಂಡ್ ಸೆಟ್, ಉತ್ತಮ ಸ್ಥಿತಿ' ಎಂದು ಬರೆದು, ಮನಸ್ಸಿಗೆ ಬಂದ ದೊಡ್ಡ ಬೆಲೆಯಿಂದ ಹರಾಜು ಶುರು ಮಾಡಿದಳು. ವಾರವೆಲ್ಲ ಒಲೆಯ ಪಕ್ಕದಲ್ಲಿ ಮೊಬೈಲು ಇಟ್ಟುಕೊಂಡು ಕಾದಳು. ನೋಡಿ ಹೋದವರು ಕೆಲವರು, ಕೂಗಿದವರು ಯಾರೂ ಇಲ್ಲ. ಹರಾಜು ಮುಗಿದ ಸಂಜೆ ಇಸ್ತಿಯಾಕ ತುಂಬಿದ ಕೋಣೆಯ ಬಾಗಿಲನ್ನು ತಾನೇ ಎಳೆದು ಹಾಕಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ರವಿಕೆ ಒಯ್ಯಲು ಬಂದ ಸುಹಾಸಿನಿ ಆ ಫೋಟೊ ನೋಡಿದರು. "ಹುಸ್ನಾ, ನಿಮ್ಮ ಹತ್ರ ಬಟ್ಟಿ ತೊಗೊಂಡು ಬರೋರು ಮೊದಲ ಏನ್ ಮಾಡ್ತಾರ?"

"ಅಂಗಡ್ಯಾಗ ತಗೊಳ್ಳುಮುಂದ ಏನ ಮಾಡಿರತಾರ ಅಂತ ಕೇಳ್ರಿ ಅಕ್ಕಾರ. ಹೊರಳಿಸಿ ಹಿಂದಿನ ಬದಿ ನೋಡಿರತಾರ. ಎಳದು ನೋಡಿರತಾರ. ಬಿಸಲಿಗೆ ಹಿಡದಿರತಾರ."

"ಮತ್ತ ಇಲ್ಲಿ ಹೊರಳಿಸಿ ನೋಡ್ಲಿಕ್ಕೆ ಏನದ?"

ಆಮೇಲೆ ಎರಡು ದಿನ ಹುಸ್ನಾ ಏನನ್ನೂ ಮಾರಾಟಕ್ಕೆ ಹಾಕಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಹಳೆಯ ಹರಾಜುಗಳನ್ನೇ ತೆರೆದು ಕುಳಿತಳು. ಜನ ಕೇಳಿದ ಬೆಲೆಯನ್ನಲ್ಲ, ನಿಜವಾಗಿ ಮಾರಿಹೋದ ಬೆಲೆಯನ್ನು ನೋಡಿದಳು. ಒಟ್ಟಿಗೆ ಹಾಕಿದವರದು ಹಾಗೇ ಕೂತಿತ್ತು. ಒಂದೊಂದಾಗಿ ಹಾಕಿದವರದು ಹೋಗಿತ್ತು. ಕಡಿಮೆ ಬೆಲೆಯಿಂದ ಹೊರಟ ವಸ್ತುವಿನ ಮೇಲೇ ಜನ ಹೆಚ್ಚು ಮುಗಿಬಿದ್ದಿದ್ದರು. ಮುಗಿಯುವ ಗಳಿಗೆ ರವಿವಾರ ಸಂಜೆಯಿದ್ದರೆ ಪೈಪೋಟಿ ಜೋರು. ನಡುವಾರದ ಮಧ್ಯಾಹ್ನ ಮುಗಿದದ್ದನ್ನು ಕೇಳುವವರೇ ಇಲ್ಲ.

ಕೈ ಪಳಗಿಸಿಕೊಳ್ಳಲು ಅವಳು ಆರಿಸಿಕೊಂಡದ್ದು ಕಮರುದ್ದೀನ ತುಳಿದ ತುತ್ತೂರಿಯನ್ನು. ಅದು ಹೋದರೂ ನಷ್ಟವಿಲ್ಲ, ಹೋಗದಿದ್ದರೂ ಇಲ್ಲ. ಬೆಳಗಿನ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಒಂದು ಕಪ್ಪು ಬಟ್ಟೆ ಹಾಸಿ, ಎಲ್ಲ ಬದಿಗಳಿಂದ ಫೋಟೊ ತೆಗೆದಳು. ಮಡಚಿದ ಬಾಯಿಯನ್ನು ಹತ್ತಿರದಿಂದ ತೆಗೆದಳು. 'ಕಾಲಲ್ಲಿ ತುಳಿದು ಹಾಳಾದದ್ದು. ಊದಲು ಬರುವುದಿಲ್ಲ. ಬಿಡಿಭಾಗಕ್ಕೆ ಅಥವಾ ಅಲಂಕಾರಕ್ಕೆ ಆಗಬಹುದು' ಎಂದು ಬರೆದಳು. ಪುಣೆಯಲ್ಲಿ ಹಳೆಯ ಲೋಹದಿಂದ ದೀಪ ಮಾಡುವ ಹೆಂಗಸೊಬ್ಬಳು ಅದನ್ನು ಕೊಂಡಳು. ಕಮರುದ್ದೀನನ ತಕ್ಕಡಿಯಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚೇ ಬಂತು. ಇಸ್ತಿಯಾಕ ಮೊಬೈಲಿನಲ್ಲಿ ಬಂದ ಹಣವನ್ನು ಎರಡು ಸಲ ನೋಡಿ, "ಮುರದದ್ದಕ್ಕ ಇಷ್ಟೇನ?" ಎಂದ.

ಮುಂದಿನದು ಕ್ಲಾರಿನೆಟ್. ಅದರ ವಿವರ ಬರೆಯಲು ಕುಳಿತಾಗ ಹುಸ್ನಾ ಸುಮ್ಮನೆ ಜೋರಾಗಿ ಓದಿಕೊಂಡಳು. "ಕ್ಲಾರಿನೆಟ್, ಕರೀದು, ಛಲೋ ಐತಿ..."

ಗುಜರಿಯವನು ಬಂದು ಹೋದಾಗಿನಿಂದ ಮಜೀದ ಮಾಸ್ತರರು ಆ ಕೋಣೆಯ ಕಡೆಗೆ ತಲೆ ಹಾಕಿರಲಿಲ್ಲ. ಈಗ ಒಳಗಿನಿಂದ ಅವರ ದನಿ ಬಂತು.

"ಛಲೋ ಐತಿ ಅಂತ ಯಾರ ಹೇಳಿದ್ರು?"

"ನಾನ ಬರಿಯಾಕತ್ತೇನ್ರಿ ಅಬ್ಬಾ."

"ಅದರದು ಕೆಳಗಿನ ಕೀ ಸ್ಪ್ರಿಂಗ್ ಹೋಗೈತಿ. ನಮ್ಮ ಕ್ಲಾರಿನೆಟ್ಟಿನ ಮುಜಾಫರ ಅದಕ್ಕ ರಬ್ಬರ್ ಬ್ಯಾಂಡ್ ಸುತ್ತಿ ಊದತಿದ್ದ. ಎಷ್ಟ ಲಗ್ನ ಊದಿದ ಹಂಗ. ಛಲೋ ಐತಿ ಅಂತ ಬರದ್ರ ತಗೊಂಡಾವ ನನ್ನ ಹೆಸರ ಹಿಡದು ಬೈತಾನ."

"ಹಂಗಾದ್ರ ನೀವ ಹೇಳ್ರಿ, ನಾ ಬರೀತೇನಿ."

ಅವರು ಬಂದು ಬಾಗಿಲಲ್ಲಿ ನಿಂತರು. ನಿಂತವರು ಕುಳಿತರು. ಯಾವುದು ವಾದ್ಯ ಮಾಡುವ ಮೀರತ್ತಿನಿಂದ ತರಿಸಿದ್ದು, ಯಾವುದಕ್ಕೆ ಎಲ್ಲಿ ಬೆಸುಗೆ ಹಾಕಿದ್ದು, ಯಾವ ತುತ್ತೂರಿ ಮಳೆಗಾಲದಲ್ಲಿ ಸ್ವರ ಇಳಿಸುತ್ತದೆ, ಎಲ್ಲ ಹೇಳಿದರು. ಹುಸ್ನಾ ಅವರು ಹೇಳಿದಂತೆಯೇ ಬರೆದಳು. ರಬ್ಬರ್ ಬ್ಯಾಂಡನ್ನೂ ಬಿಡಲಿಲ್ಲ, ಅದರದೊಂದು ಫೋಟೊ ಬೇರೆ ಹಾಕಿದಳು. ಅವಳಿಗೆ ಅಚ್ಚರಿಯಾಗುವಂತೆ ಕೊಳ್ಳುವವರು ಅದನ್ನೇ ಹಿಡಿದು ಮಾತಿಗೆ ಬಂದರು. ಇಷ್ಟು ಹೇಳಿದವಳು ಬೇರೆ ಏನನ್ನೂ ಮುಚ್ಚಿಟ್ಟಿರಲಾರಳು ಎಂದು ಒಬ್ಬ ಬರೆದ. ಕ್ಲಾರಿನೆಟ್ ರವಿವಾರ ಸಂಜೆ ಮಾರಿಹೋಯಿತು.

ದೊಡ್ಡ ತುತ್ತೂರಿಯನ್ನು ಹಾಕಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಇದು ನುಡಿಯುತ್ತದೆಯೇ?

"ನುಡೀತೈತಿ ಅಂತ ಬರಿ," ಎಂದರು ಮಾವ.

"ಬರದ್ರ ಯಾರ ನಂಬತಾರ್ರಿ? ನೀವ ಊದ್ರಿ. ನಾ ವಿಡಿಯೊ ಮಾಡತೇನಿ."

ಮಜೀದ ಮಾಸ್ತರರು ಬಹಳ ಹೊತ್ತು ತುತ್ತೂರಿಯನ್ನೇ ನೋಡಿದರು. ಕೊನೆಗೆ ತುಟಿಗೆ ಹಚ್ಚಿ ಊದಿದರು. ಬರೀ ಗಾಳಿ ಬಂತು. ಮತ್ತೊಮ್ಮೆ ಊದಿದರು, ಎಮ್ಮೆ ಕೆಮ್ಮಿದಂತಾಯಿತು. ಓಣಿಯಲ್ಲಿ ಯಾರೋ ನಕ್ಕರು. "ನೀ ಒಳಗ ಹೋಗು," ಎಂದು ಅವರು ಸೊಸೆಯನ್ನು ಕಳಿಸಿ ಕೋಣೆಯ ಬಾಗಿಲು ಹಾಕಿಕೊಂಡರು. ಮಧ್ಯಾಹ್ನವಿಡೀ ಬಾಗಿಲ ಆಚೆಯಿಂದ ಗಾಳಿ, ಕೆಮ್ಮು, ಒಡಕು ಸ್ವರ ಕೇಳಿಬಂತು. ಹುಸ್ನಾ ಹೊಲಿಯುತ್ತ ಕುಳಿತಳು. ಒಮ್ಮೆಯೂ ಬಾಗಿಲು ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವರು ತೊಳೆದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ನಿಂತರು. ವರ ಕುದುರೆ ಹತ್ತುವಾಗ ಊದುತ್ತಿದ್ದ ಸಲಾಮಿಯ ಧಾಟಿ. ಎರಡು ಕಡೆ ಉಸಿರು ತುಂಡಾಯಿತು, ಆದರೂ ಪೂರ್ತಿ ಊದಿದರು. ಎದುರು ಮನೆಯ ಮಾಬೂಬಿ ನೀರಿನ ಕೊಡ ಕೆಳಗಿಟ್ಟು ನಿಂತುಬಿಟ್ಟಳು. ಹುಸ್ನಾ ಮೊಬೈಲು ಹಿಡಿದ ಕೈ ಅಲುಗದಂತೆ ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡಿದ್ದಳು.

ಆ ರವಿವಾರ ಇಬ್ಬರು ಹಟಕ್ಕೆ ಬಿದ್ದು ಬೆಲೆ ಏರಿಸಿದರು. ಇಸ್ತಿಯಾಕನೂ ಬಂದು ಅವಳ ಭುಜದ ಮೇಲಿಂದ ಇಣುಕಿದ. ಗೆದ್ದವನು ತಕ್ಷಣ ಸಂದೇಶ ಕಳಿಸಿದ. ತಾನು ಊರಲ್ಲಿಲ್ಲ, ಸೈಟಿನ ಮೂಲಕ ಬೇಡ, ನೇರವಾಗಿ ಕೊಡುತ್ತೇನೆ, ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಗೆ ಬರುತ್ತದೆ ಎಂದ. ಇಸ್ತಿಯಾಕ ಮೊಬೈಲು ತೆಗೆದೇಬಿಟ್ಟಿದ್ದ.

ಹುಸ್ನಾ ಅವನ ಕೈ ಹಿಡಿದಳು. "ತಡೀರಿ. ಗಿರಾಕಿಗೋಳು ನನಗ ರೊಕ್ಕಾ ಹಾಕುಮುಂದ ನಾ ಎಂದಾದ್ರೂ ಪಿನ್ ಒತ್ತೇನೇನ್ರಿ?"

ಇಸ್ತಿಯಾಕ ಯೋಚಿಸಿದ. "ಇಲ್ಲ."

"ಕೊಡುಮುಂದ ಪಿನ್ ಒತ್ತೂದು. ಬರುಮುಂದ ಎದಕ್ಕ?"

ಸೈಟಿನಲ್ಲೇ ಕೊಡಿ, ಇಲ್ಲವಾದರೆ ಬೇಡ ಎಂದು ಅವಳು ಬರೆದಳು. ಆತ ಬೈದು ಮಾಯವಾದ. ಆತನ ಮೇಲೆ ಸೈಟಿಗೆ ದೂರು ಹಾಕಿದಳು. ಅಷ್ಟರಲ್ಲಿ ಎರಡನೆಯವನಿಗೂ ಆಸಕ್ತಿ ಹೋಗಿತ್ತು. ಏರಿದ ಬೆಲೆ ನೀರಿನ ಗುಳ್ಳೆಯಾಯಿತು.

"ಸಾಕ ಮಾಡ ಹುಸ್ನಾ," ಎಂದ ಇಸ್ತಿಯಾಕ. "ಹಬ್ಬ ಬಂತು. ನಾಳಿ ಕಮರುದ್ದೀನಗ ಫೋನ್ ಮಾಡತೇನಿ."

"ಒಬ್ಬ ಕಳ್ಳ ಬಂದ ಅಂತ ಅಂಗಡಿ ಯಾರ ಮುಚ್ಚತಾರ್ರಿ?" ಎಂದು ಅವಳು ಅದೇ ಹೊತ್ತಿನಲ್ಲಿ ತುತ್ತೂರಿಯನ್ನು ಮತ್ತೆ ಹರಾಜಿಗೆ ಹಾಕಿದಳು.

ಎರಡನೆಯ ಸಲ ಬೆಲೆ ಅಷ್ಟು ಏರಲಿಲ್ಲ. ಆದರೆ ನಾಸಿಕದ ಕಪಿಲ ಎಂಬವರು ಕೊಂಡರು, ಹಣವನ್ನು ಸೈಟಿನಲ್ಲೇ ಕಟ್ಟಿದರು. ಹಣ ಬಂದದ್ದು ಖಾತ್ರಿಯಾದ ಮೇಲೆಯೇ ಹುಸ್ನಾ ಕಟ್ಟಲು ಕುಳಿತಳು. ತುತ್ತೂರಿಯ ಬಾಯೊಳಗೆ ಹೊಲಿಗೆಯಲ್ಲಿ ಉಳಿದ ಚಿಂದಿ ತುಂಬಿದಳು, ಹಳೆಯ ರಜಾಯಿಯ ತುಂಡು ಸುತ್ತಿದಳು, ಡಬ್ಬಿಯನ್ನು ಅಲ್ಲಾಡಿಸಿ ಒಳಗೆ ಏನೂ ಸದ್ದು ಬರದ ತನಕ ಸಂದು ತುಂಬುತ್ತಲೇ ಹೋದಳು. ಕಟ್ಟುವುದನ್ನೂ ವಿಡಿಯೊ ಮಾಡಿಟ್ಟುಕೊಂಡಳು.

ಡಬ್ಬಿ ತಲುಪಿದ ದಿನವೇ ಕಪಿಲರ ಸಂದೇಶ ಬಂತು. ತುತ್ತೂರಿ ಊದಲು ಬರುತ್ತಿಲ್ಲ. ಗಾಳಿ ಒಳಗೇ ಹೋಗುತ್ತಿಲ್ಲ. ವಿಡಿಯೊ ತೋರಿಸಿ ಮೋಸ ಮಾಡಿದಿರಾ?

ಮೋಸ ಎಂಬ ಮಾತನ್ನು ಹುಸ್ನಾಳಿಗೆ ಅದುವರೆಗೆ ಯಾರೂ ಅಂದಿರಲಿಲ್ಲ. ಕಟ್ಟಿದ್ದರ ವಿಡಿಯೊ ಇದೆ, ನುಡಿದದ್ದರ ವಿಡಿಯೊ ಇದೆ, ವಾದಿಸಿದರೆ ಸೈಟಿನವರು ತನ್ನ ಕಡೆಗೇ ನಿಲ್ಲಬಹುದು ಎಂದು ಮೊದಲು ಅನ್ನಿಸಿತು. ಮಾವನ ಮುಂದೆ ಮೊಬೈಲು ಹಿಡಿದಳು.

ಅವರು ಎರಡು ಸಲ ಓದಿಸಿಕೊಂಡರು. "ಕಳಸೂಕಿಂತ ಮೊದಲ ನೀ ಪಿಸ್ಟನ್ ಹೊರಗ ತಗದಿದ್ದೇನ?"

ತುತ್ತೂರಿಯ ಮೇಲೆ ಬೆರಳಿಂದ ಒತ್ತುವ ಮೂರು ಪಿಸ್ಟನ್ನುಗಳು. ಜಿಡ್ಡು ಕಂಡಿತೆಂದು ಹುಸ್ನಾ ಅವನ್ನು ತೆಗೆದು ಒರೆಸಿ ಮತ್ತೆ ಹಾಕಿದ್ದಳು.

"ಹೌದ್ರಿ. ಒರಸಿದ್ನಿ."

"ಒಂದೊಂದಕ್ಕ ಒಂದೊಂದು ಮನಿ ಇರತೈತಿ. ಅದರದು ಇದಕ್ಕ ಹಾಕಿದ್ರ ಗಾಳಿ ಹೊಕ್ಕೂದಿಲ್ಲ."

ಹುಸ್ನಾ ಅಲ್ಲೇ ನಿಂತು ಕಪಿಲರಿಗೆ ಬರೆದಳು. ತಪ್ಪು ನನ್ನದು. ಒರೆಸುವಾಗ ಪಿಸ್ಟನ್ನುಗಳು ಅದಲುಬದಲಾಗಿರಬೇಕು. ವಾಪಸು ಕಳಿಸುವುದಾದರೆ ಕಳಿಸಿ, ಕೊರಿಯರಿನ ಖರ್ಚೂ ನನ್ನದೇ. ಇಲ್ಲವೆಂದರೆ ನಮ್ಮ ಮಾವನವರು ವಿಡಿಯೊ ಕಾಲಿನಲ್ಲಿ ಹೇಳಿಕೊಡುತ್ತಾರೆ, ಅವರು ನಲವತ್ತು ವರ್ಷ ಬ್ಯಾಂಡು ನಡೆಸಿದವರು.

ಇಸ್ತಿಯಾಕನಿಗೆ ಇದು ಸರಿಕಾಣಲಿಲ್ಲ. "ನಮ್ಮ ತಪ್ಪು ಅಂತ ಬರದು ಕೊಟ್ಟೇನ? ರೊಕ್ಕಾ ವಾಪಸ್ ಕೇಳಿದ್ರ?"

"ಕೊಡತೇನಿ. ಇನ್ನೂ ಮಾರೂದೈತಿ ನಾ."

ಕಪಿಲರು ಸಂಜೆ ಕಾಲ್ ಮಾಡಿದರು. ಮುಖ ಬಿಗಿದುಕೊಂಡೇ ಇತ್ತು. ಮಜೀದ ಮಾಸ್ತರರು ತಮ್ಮ ಹಿಂದಿಯಲ್ಲಿ ನಿಧಾನವಾಗಿ ಹೇಳಿಕೊಟ್ಟರು. ಪಿಸ್ಟನ್ನಿನ ಮೇಲೆ ಕೊರೆದ ಸಣ್ಣ ಅಂಕಿ ಹುಡುಕಿಸಿದರು, ಒಂದನೆಯದು ಮೂರನೆಯದರ ಮನೆಯಲ್ಲಿ ಕೂತದ್ದನ್ನು ಬಿಡಿಸಿದರು, ತಿರುಗಿಸಿ ಕೂರಿಸುವುದನ್ನು ಬೆರಳಿನಿಂದ ತೋರಿಸಿದರು. ಆ ಕಡೆ ಕಪಿಲರು ಊದಿದರು. ನಾಸಿಕದಿಂದ ಹಳೇ ಹುಬ್ಬಳ್ಳಿಯ ಕೋಣೆಗೆ ತುತ್ತೂರಿಯ ಸ್ವರ ಬಂತು. ಕಪಿಲರು ತಾವೇ ನಕ್ಕುಬಿಟ್ಟರು. ಆಮೇಲೆ ಅರ್ಧ ಗಂಟೆ ಆ ಇಬ್ಬರೂ ತುಟಿ ಹೇಗೆ ಬಿಗಿ ಹಿಡಿಯಬೇಕೆಂಬುದನ್ನೇ ಮಾತಾಡಿದರು. ಹುಸ್ನಾಳಿಗೆ ತನ್ನ ಮೊಬೈಲು ವಾಪಸು ಸಿಗುವುದೇ ಕಷ್ಟವಾಯಿತು.

ಮರುದಿನ ಸೈಟಿನಲ್ಲಿ ಅವಳ ಹೆಸರಿನ ಕೆಳಗೆ ಕಪಿಲರ ಮಾತು ಬಂದಿತ್ತು. ತಪ್ಪಾದರೆ ಒಪ್ಪಿಕೊಂಡು ಸರಿಮಾಡುವವರು, ಧೈರ್ಯವಾಗಿ ಕೊಳ್ಳಿ. ಮುಂದಿನ ಎರಡು ತುತ್ತೂರಿಗಳು ಆ ಮಾತಿನ ಬಲದ ಮೇಲೆಯೇ ಹೋದವು ಎಂದು ಹುಸ್ನಾ ಇವತ್ತಿಗೂ ನಂಬಿದ್ದಾಳೆ. ಅವನ್ನು ಕಳಿಸುವಾಗ ಅವಳು ಪಿಸ್ಟನ್ನು ಮುಟ್ಟಲು ಹೋಗಲಿಲ್ಲ.

ಊದುವುದರಲ್ಲಿ ಕೊನೆಗೆ ಉಳಿದದ್ದು ಯುಫೋನಿಯಮ್. ಮಗುವಿನಂತೆ ತೋಳಲ್ಲಿ ಅಪ್ಪಿ ಹಿಡಿಯಬೇಕಾದ ವಾದ್ಯ, ಮಜೀದ ಮಾಸ್ತರರು ಸ್ವತಃ ಊದುತ್ತಿದ್ದದ್ದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಕೊರಿಯರಿನ ದರ ಕೇಳಿದರೆ, ಕಳಿಸುವ ಖರ್ಚೇ ಕೊಳ್ಳುವವನನ್ನು ಓಡಿಸುವಷ್ಟಿತ್ತು. ಅದನ್ನು ಮುಚ್ಚಿಡದೆ ಮೊದಲೇ ಬರೆದಳು. ಜೊತೆಗೆ 'ಹುಬ್ಬಳ್ಳಿಗೆ ಬಂದು, ಊದಿ ನೋಡಿ ಒಯ್ಯಬಹುದು' ಎಂದೂ ಸೇರಿಸಿದಳು. ಮಡಗಾಂವದಲ್ಲಿ ಹುಡುಗರ ಬ್ಯಾಂಡು ಕಟ್ಟಿಕೊಂಡಿದ್ದ ಮಿನಿನ್ ಎಂಬ ನಡುವಯಸ್ಸಿನ ಗೋವಾದವನು ಹರಾಜು ಗೆದ್ದು, ರೈಲು ಹತ್ತಿ ತಾನೇ ಬಂದ.

ಅವನು ಕೋಣೆಯಲ್ಲಿ ಕುಳಿತು ಊದಿದ. ಮಜೀದ ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಹಾಕಿ ತೊಳೆಯಬೇಕು, ಹುಡುಗರ ಕೈಗೆ ಕೊಡುವ ಮೊದಲು ಹಿತ್ತಾಳೆ ಗೀರದಂತೆ ಅವರ ಉಂಗುರ ತೆಗೆಸಬೇಕು ಎಂದು ಹೇಳಿದರು. ಮಿನಿನ್ ತಲೆಯಾಡಿಸಿದ. ಹುಸ್ನಾ ಮಾವನ ಮುಖವನ್ನೇ ನೋಡುತ್ತಿದ್ದಳು. ಬೇಡ ಅಂದರೆ ಅಲ್ಲೇ ನಿಲ್ಲಿಸಿಬಿಡೋಣ, ಸೈಟಿಗೆ ದಂಡ ಕಟ್ಟಿದರೂ ಸರಿ ಎಂದು ಅವಳು ಒಳಗೊಳಗೇ ಸಿದ್ಧವಾಗಿದ್ದಳು.

"ಚಾ ಮಾಡ ಹುಸ್ನಾ," ಎಂದರು ಅವರು. "ಇವರ ಗಾಡಿಗೆ ಇನ್ನೂ ವ್ಯಾಳ್ಯಾ ಐತಿ."

ಚಹಾ ಕುಡಿದು ಮಿನಿನ್ ಯುಫೋನಿಯಮ್ಮನ್ನು ತೋಳಲ್ಲಿ ಹೊತ್ತು ಓಣಿ ದಾಟಿದ. ಮಜೀದ ಮಾಸ್ತರರು ರಿಕ್ಷಾ ನಿಲ್ಲುವ ತನಕ ಅವನ ಜೊತೆ ನಡೆದು ಹೋಗಿ ಬಂದರು. ಗೋಡೆ ಹಿಡಿಯಲಿಲ್ಲ.

ರಂಜಾನ್ ಶುರುವಾಗುವ ಹಿಂದಿನ ದಿನ ಇಸ್ತಿಯಾಕ ಮತ್ತು ಹುಸ್ನಾ ಸೇರಿ ಕೋಣೆ ತೊಳೆದು, ಹೊಲಿಗೆ ಯಂತ್ರವನ್ನು ಅಡುಗೆಮನೆಯಿಂದ ತಂದು ಬಾಗಿಲ ಬೆಳಕಿಗೆ ಇಟ್ಟರು. ವಾದ್ಯಗಳ ಹಣದಲ್ಲಿ ಕೊಂಡ ಎರಡನೆಯ ಯಂತ್ರ ಅದರ ಪಕ್ಕಕ್ಕೆ ಬಂತು, ಕತ್ತರಿಸುವ ಮೇಜು ಗೋಡೆಯ ಬದಿಗೆ ಬಂತು. ಮಾಬೂಬಿ ಮೊಮ್ಮಕ್ಕಳ ಬಟ್ಟೆ ಹಿಡಿದು ಮೊದಲ ಗಿರಾಕಿಯಾಗಿ ಬಂದಳು.

ಉಳಿದದ್ದು ದೊಡ್ಡ ಢೋಲು ಒಂದೇ. ಎರಡು ಸಲ ಹಾಕಿದರೂ ಅದನ್ನು ಯಾರೂ ಕೂಗಿರಲಿಲ್ಲ. ಹುಸ್ನಾ ಅದನ್ನು ಮೂಲೆಯಲ್ಲಿ ನಿಲ್ಲಿಸಿ ಹೊಲಿಯಬೇಕಾದ ಬಟ್ಟೆಯನ್ನೆಲ್ಲ ಅದರ ಮೇಲೆ ಪೇರಿಸಿದ್ದಳು.

"ಅದನ್ನ ಬಿಡು ಇನ್ನ," ಎಂದ ಇಸ್ತಿಯಾಕ. "ಅದು ಹೋಗಂಗಿಲ್ಲ."

"ಫೋಟೊ ಸರಿ ಇಲ್ಲರಿ. ಅಬ್ಬಾ, ಇದರದು ಚರ್ಮ ಯಾವಾಗ ಬದಲಿ ಮಾಡಿದ್ದು?"

ಮಾವ ಹೇಳತೊಡಗಿದರು. ಹುಸ್ನಾ ಬಟ್ಟೆಗಳನ್ನು ಒಂದೊಂದಾಗಿ ಕೆಳಗಿಳಿಸಿ, ಢೋಲನ್ನು ಕಟ್ಟೆಯ ಬಿಸಿಲಿಗೆ ಉರುಳಿಸಿಕೊಂಡು ಹೊರಟಳು.